ಓಲ್ಡ್ ಕೋರ್ಸ್ ಮತ್ತು ಕಿಂಗ್ಸ್ ಕೋರ್ಸ್: ಸ್ಕಾಟ್‌ಲೆಂಡ್ ಗಾಲ್ಫ್ ಪ್ರವಾಸ

ಸೇಂಟ್ ಆಂಡ್ರ್ಯೂಸ್‌ನ ಓಲ್ಡ್ ಕೋರ್ಸ್‌ಗೆ ಕನಿಷ್ಠ ಮೂರು ದಿನ ಮೀಸಲಿಡಿ. ಇಲ್ಲಿ ದುಡ್ಡಿಗಿಂತ ದೊಡ್ಡ ತೊಡಕು ಟೀ ಟೈಮ್, ಅಂದರೆ ಆಟ ಶುರು ಮಾಡಲು ಸಿಗುವ ನಿಗದಿತ ಹೊತ್ತು. ಮುಂಗಡ ಬುಕಿಂಗ್ ಸಿಗದವರು ಆಡುವ ದಿನಕ್ಕೆ ಎರಡು ದಿನ ಮೊದಲು ಬ್ಯಾಲಟ್‌ಗೆ ಹೆಸರು ಕೊಡಬೇಕು. ಚೀಟಿ ಎತ್ತಿದಂತೆ, ಸಿಕ್ಕರೂ ಸಿಕ್ಕೀತು, ಇಲ್ಲದಿದ್ದರೂ ಇಲ್ಲ. ಭಾನುವಾರ ಸಾಮಾನ್ಯವಾಗಿ ಆಟವೇ ಇಲ್ಲ, ಅಂದು ಅದು ಊರವರು ಅಡ್ಡಾಡುವ ಬಯಲು.

ಕೋರ್ಸ್ ಮಾತ್ರ ಅಪ್ಪಟ ಚಿನ್ನ. ಮರಳುನೆಲ, ಗಿಡ್ಡ ಹುಲ್ಲು. ಮಳೆನೀರು ಬೇಗ ಇಂಗುವುದರಿಂದ ನೆಲ ಗಟ್ಟಿ. ಗ್ರೀನ್ (ಕುಳಿ ಇರುವ ನುಣುಪು ಹುಲ್ಲುಹಾಸು) ಹತ್ತಿರ ಬೌನ್ಸ್ (ತಳದ ಉಬ್ಬು) ಹೆಚ್ಚಿರುವ 60 ಡಿಗ್ರಿ ವೆಡ್ಜ್ (ಚೆಂಡನ್ನು ಎತ್ತರಕ್ಕೆ ಹಾರಿಸುವ ಕೋಲು) ಬಳಸಿದರೆ ಅದರ ತಳ ನೆಲಕ್ಕೆ ಬಡಿದು ಪುಟಿಯುತ್ತದೆ, ಅಂಚು ಚೆಂಡಿನ ನಡುವಿಗೆ ತಗುಲಿ ಚೆಂಡು ಗ್ರೀನ್ ದಾಟಿ ಓಡುತ್ತದೆ. ಅದರ ಬದಲು ಚೆಂಡನ್ನು ತಗ್ಗಾಗಿ ಕಳಿಸುವ 7ನೇ ನಂಬರ್ ಐರನ್ ಕೋಲು ಹಿಡಿಯಿರಿ, ಚೆಂಡನ್ನು ಹಿಂದಿನ ಪಾದದ ಕಡೆ ಇಟ್ಟು ಪಟ್ ಮಾಡಿದಂತೆ (ಗ್ರೀನ್ ಮೇಲೆ ಮೆಲ್ಲಗೆ ತಳ್ಳಿದಂತೆ) ಉರುಳಿಸಿ. 112 ಬಂಕರ್‌ಗಳಲ್ಲಿ (ಮರಳುಗುಂಡಿಗಳಲ್ಲಿ) ಹಲವು ಟೀಯಿಂದ, ಅಂದರೆ ಮೊದಲ ಹೊಡೆತದ ಜಾಗದಿಂದ, ಕಾಣುವುದೇ ಇಲ್ಲ. ಹಾಗಾಗಿ ಚೀಲ ಹೊತ್ತು ದಾರಿ ಹೇಳುವ ಕ್ಯಾಡಿಗೆ ಕೊಟ್ಟ ಹಣ ಖಂಡಿತ ದಂಡವಲ್ಲ. ಬಂಕರ್‌ನ ಕಡಿದಾದ ಗೋಡೆಯ ಬುಡದಲ್ಲಿ ಸಿಕ್ಕಿಕೊಂಡರೆ ಹಟ ಬೇಡ, ಪಕ್ಕಕ್ಕೋ ಹಿಂದಕ್ಕೋ ಹೊಡೆದು ಹೊರಬನ್ನಿ.

ಒಳನಾಡಿನ ಗ್ಲೆನ್‌ಈಗಲ್ಸ್‌ನಲ್ಲಿ ಜೇಮ್ಸ್ ಬ್ರೇಡ್ ವಿನ್ಯಾಸದ ಕಿಂಗ್ಸ್ ಕೋರ್ಸ್ 1919ರದ್ದು. ಹುಲ್ಲು ಮೆತ್ತಗೆ, ಸುತ್ತ ಗುಡ್ಡಗಳು, ನೋಟ ಅದ್ಭುತ. ಏರುತಗ್ಗು ಜಾಸ್ತಿ, ಎತ್ತರದ ಗ್ರೀನ್‌ಗೆ ಒಂದು ಕ್ಲಬ್ ದೊಡ್ಡದನ್ನೇ (ಇನ್ನೂ ದೂರ ಹೊಡೆಯುವ ಕೋಲನ್ನೇ) ತೆಗೆದುಕೊಳ್ಳಿ. ಎರಡೂ ಕಡೆಗೆ ನೀರಿಳಿಯದ ಜಾಕೆಟ್, ಎರಡು ಜೊತೆ ಮಳೆ ಕೈಗವಸು ಬೇಕೇ ಬೇಕು.