ಜಿಂಪ್ 3.0 ಬಂದ ಮೇಲೂ ಕಂಪ್ಯೂಟರಿನಲ್ಲಿ ಉಳಿಯುವ 2.10: ದೀರ್ಘಕಾಲದ ಬಳಕೆದಾರನ ವಿಮರ್ಶೆ

ಉಡುಪಿಯಲ್ಲಿ ಯಕ್ಷಗಾನ ಪ್ರದರ್ಶನಗಳ ಛಾಯಾಚಿತ್ರಗಳನ್ನು ತಿದ್ದುವುದಕ್ಕೂ ಸಂಘ ಸಂಸ್ಥೆಗಳ ಕರಪತ್ರ, ಆಮಂತ್ರಣ ಪತ್ರಿಕೆಗಳನ್ನು ಸಿದ್ಧಪಡಿಸುವುದಕ್ಕೂ ನಾನು ಬಹುಕಾಲದಿಂದ ಜಿಂಪ್ ತಂತ್ರಾಂಶವನ್ನೇ ನೆಚ್ಚಿಕೊಂಡಿದ್ದೇನೆ. 2012ರಲ್ಲಿ ಬಂದ 2.8, 2018ರ 2.10, 2025ರ ಮಾರ್ಚ್‌ನಲ್ಲಿ ಬಿಡುಗಡೆಯಾದ 3.0, ಈ ಮೂರೂ ಆವೃತ್ತಿಗಳು ನನ್ನ ವಿಂಡೋಸ್ ಕಂಪ್ಯೂಟರಿನಲ್ಲಿ ಕೆಲಸ ಮಾಡಿವೆ. ಒಂದೊಂದು ಆವೃತ್ತಿಯೂ ಏನನ್ನು ಬಿಟ್ಟುಹೋಗುತ್ತದೆ, ಅದರಲ್ಲಿ ಯಾವುದನ್ನು ಅಳಿಸಬಹುದು, ಯಾವುದನ್ನು ಕಾಪಾಡಿಕೊಳ್ಳಬೇಕು ಎಂಬುದಷ್ಟೇ ಈ ವಿಮರ್ಶೆಯ ವಿಷಯ.

2.10 ಇರುವ ಕಂಪ್ಯೂಟರಿನಲ್ಲಿ 3.0ನ್ನು ಇನ್‌ಸ್ಟಾಲ್ ಮಾಡಿದರೆ ಹಳೆಯದು ತಾನಾಗಿ ಹೋಗುವುದಿಲ್ಲ. ಪ್ರೋಗ್ರಾಮ್ ಫೈಲ್ಸ್ ಫೋಲ್ಡರಿನೊಳಗೆ ‘ಜಿಂಪ್ 2’ ಮತ್ತು ‘ಜಿಂಪ್ 3’ ಎಂಬ ಎರಡು ಪ್ರತ್ಯೇಕ ಫೋಲ್ಡರುಗಳು ಇರುತ್ತವೆ ಮತ್ತು ಎರಡೂ ಸ್ವತಂತ್ರವಾಗಿ ತೆರೆದುಕೊಳ್ಳುತ್ತವೆ. ಇದನ್ನು ದೋಷವೆಂದು ದೂರುವವರ ಮಾತನ್ನು ನಾನು ಒಪ್ಪುವುದಿಲ್ಲ. 3.0ರ ಹೊಸ ಸೌಲಭ್ಯಗಳನ್ನು, ಅದರಲ್ಲೂ ಮೂಲ ಚಿತ್ರವನ್ನು ಕೆಡಿಸದೆ ಪದರದ (ಲೇಯರ್) ಮೇಲೆ ಬೇಕೆಂದಾಗ ಬದಲಿಸಬಹುದಾದಂತೆ ಉಳಿಯುವ ಫಿಲ್ಟರುಗಳನ್ನು, ಬಳಸಿ ಜಿಂಪ್‌ನ ಸ್ವಂತ ರೂಪವಾದ ಎಕ್ಸ್‌ಸಿಎಫ್‌ನಲ್ಲಿ ಉಳಿಸಿದ ಫೈಲು 2.10ರಲ್ಲಿ ತೆರೆಯದೆ ಹೋಗಬಹುದು. ಸಹೋದ್ಯೋಗಿಯೊಬ್ಬರು ಇನ್ನೂ ಹಳೆಯ ಆವೃತ್ತಿಯಲ್ಲೇ ಕೆಲಸ ಮಾಡುತ್ತಿದ್ದರೆ, ಅಥವಾ ಅರ್ಧಕ್ಕೆ ನಿಂತ ಕೆಲಸವೊಂದು ಹಳೆಯ ಪ್ಲಗ್‌ಇನ್ನನ್ನು (ಹೆಚ್ಚುವರಿ ಸೌಲಭ್ಯ ಸೇರಿಸುವ ಪುಟ್ಟ ಪ್ರೋಗ್ರಾಮನ್ನು) ಅವಲಂಬಿಸಿದ್ದರೆ, ಎರಡೂ ಆವೃತ್ತಿಗಳು ಕೆಲಕಾಲ ಅಕ್ಕಪಕ್ಕದಲ್ಲಿ ಇರುವುದೇ ಕ್ಷೇಮ.

ಪ್ಲಗ್‌ಇನ್‌ಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ವಿಂಡೋಸ್‌ಗೆ ಬಂದ 2.10ರ ಪೈಥಾನ್ ಪ್ಲಗ್‌ಇನ್‌ಗಳು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯ 2ನೇ ಆವೃತ್ತಿಯಲ್ಲಿ ಬರೆದಂಥವು, 3.0 ನಡೆಯುವುದು ಪೈಥಾನ್ 3ರ ಮೇಲೆ, ಮತ್ತು ಪ್ಲಗ್‌ಇನ್‌ಗಳು ಮುಖ್ಯ ತಂತ್ರಾಂಶದೊಂದಿಗೆ ವ್ಯವಹರಿಸುವ ಕ್ರಮವೇ ಅದರಲ್ಲಿ ಬದಲಾಗಿದೆ. ಆದ್ದರಿಂದ ಹಳೆಯ ಪ್ಲಗ್‌ಇನ್ ಫೈಲುಗಳನ್ನು ಹೊಸ ಫೋಲ್ಡರಿಗೆ ನಕಲು ಮಾಡುವುದರಿಂದ ಪ್ರಯೋಜನವಿಲ್ಲ. ಜೀಮಿಕ್‌ನಂತಹ ಜನಪ್ರಿಯ ಫಿಲ್ಟರ್ ಸಂಗ್ರಹಕ್ಕೆ 3.0ಕ್ಕಾಗಿಯೇ ತಯಾರಾದ ಬೇರೆ ಪ್ಯಾಕೇಜ್ ಇದೆ, ಅದನ್ನೇ ಹಾಕಿಕೊಳ್ಳಬೇಕು. ನೀವು ನಿತ್ಯ ಬಳಸುವ ಪ್ಲಗ್‌ಇನ್‌ಗೆ ಹೊಸ ರೂಪ ದೊರೆತು, ಅದು ನಿಮ್ಮದೇ ಚಿತ್ರದ ಮೇಲೆ ಸರಿಯಾಗಿ ನಡೆಯುವುದನ್ನು ನೋಡುವ ತನಕ 2.10ನ್ನು ತೆಗೆಯಬೇಡಿ.

ಇನ್ನು ಮುಖ್ಯ ಸಂಗತಿಗೆ ಬರುತ್ತೇನೆ. ಕಂಟ್ರೋಲ್ ಪ್ಯಾನೆಲಿನ ಮೂಲಕ 2.10ನ್ನು ಅನ್‌ಇನ್‌ಸ್ಟಾಲ್ ಮಾಡಿದಾಗ ಹೋಗುವುದು ಪ್ರೋಗ್ರಾಮ್ ಫೈಲುಗಳು ಮಾತ್ರ. ಬಳಕೆದಾರನ ಸ್ವಂತ ಸಾಮಗ್ರಿಗಳು, ಅಂದರೆ ಬ್ರಷ್‌ಗಳು, ಗ್ರೇಡಿಯೆಂಟ್‌ಗಳು, ಪ್ಯಾಲೆಟ್‌ಗಳು, ಉಪಕರಣಗಳ ಪ್ರಿಸೆಟ್‌ಗಳು, ಕೀಲಿಮಣೆಯ ಶಾರ್ಟ್‌ಕಟ್‌ಗಳು, ಬಳಕೆದಾರನ ಹೆಸರಿನ ಫೋಲ್ಡರಿನಲ್ಲಿ ಆಪ್‌ಡೇಟಾ, ಅದರೊಳಗೆ ರೋಮಿಂಗ್, ಅದರೊಳಗೆ ಜಿಂಪ್ ಎಂಬಲ್ಲಿರುವ ‘2.10’ ಫೋಲ್ಡರಿನಲ್ಲಿ ಹಾಗೆಯೇ ಉಳಿಯುತ್ತವೆ. ಆಪ್‌ಡೇಟಾವನ್ನು ವಿಂಡೋಸ್ ಅಡಗಿಸಿಡುವುದರಿಂದ ಇದು ಹಲವರ ಕಣ್ಣಿಗೆ ಬೀಳುವುದೇ ಇಲ್ಲ. 3.0 ಮೊದಲ ಬಾರಿ ತೆರೆದಾಗ ಈ ಫೋಲ್ಡರಿನಿಂದ ಸೆಟ್ಟಿಂಗ್‌ಗಳನ್ನು ನಕಲು ಮಾಡಿಕೊಂಡು ತನ್ನದೇ ಆದ ‘3.0’ ಫೋಲ್ಡರನ್ನು ರಚಿಸಿಕೊಳ್ಳುತ್ತದೆ. ಹೊಸ ಸೆಟ್ಟಿಂಗ್‌ಗಳು ಯಾವುದೋ ಕಾರಣಕ್ಕೆ ಕೆಟ್ಟರೆ, ‘3.0’ ಫೋಲ್ಡರಿನ ಹೆಸರು ಬದಲಿಸಿ ತಂತ್ರಾಂಶವನ್ನು ಮತ್ತೆ ತೆರೆದರೆ ಸಾಕು, ಅದು 2.10ರಿಂದ ಎಲ್ಲವನ್ನೂ ಇನ್ನೊಮ್ಮೆ ತಂದುಕೊಳ್ಳುತ್ತದೆ. ಪ್ರೋಗ್ರಾಮನ್ನು ತೆಗೆದ ದಿನವೇ ಈ ಹಳೆಯ ಫೋಲ್ಡರನ್ನೂ ಅಳಿಸುವವರು ಈ ಅನುಕೂಲವನ್ನು ಕಳೆದುಕೊಳ್ಳುತ್ತಾರೆ.

ಕನ್ನಡದಲ್ಲಿ ಕೆಲಸ ಮಾಡುವವರು ಇದೇ ಫೋಲ್ಡರಿನೊಳಗಿನ ‘ಫಾಂಟ್ಸ್’ ಎಂಬ ಒಳಫೋಲ್ಡರನ್ನು ತಪ್ಪದೆ ತೆರೆದು ನೋಡಬೇಕೆಂದು ಒತ್ತಿ ಹೇಳುತ್ತೇನೆ. ಯುನಿಕೋಡ್ ಪೂರ್ವದ ನುಡಿ ಫಾಂಟುಗಳಲ್ಲಿ ಅಕ್ಷರ ಜೋಡಿಸಿದ ಹಳೆಯ ಆಮಂತ್ರಣ ಪತ್ರಿಕೆಗಳು ಕರಾವಳಿಯ ಅನೇಕ ಡಿಟಿಪಿ ಕೇಂದ್ರಗಳಲ್ಲಿ ಈಗಲೂ ಇವೆ. ಅಂತಹ ಫಾಂಟನ್ನು ವಿಂಡೋಸ್‌ಗೆ ಸೇರಿಸದೆ ಜಿಂಪ್‌ನ ಫೋಲ್ಡರಿನಲ್ಲಿ ಮಾತ್ರ ಇಟ್ಟುಕೊಂಡಿದ್ದರೆ, ಅದು ಅಳಿದ ಮೇಲೆ ಅಕ್ಷರ ಪದರವನ್ನು ತಿದ್ದಲು ಹೋದಾಗ ಕನ್ನಡದ ಬದಲು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸಿಕೊಳ್ಳುತ್ತವೆ. ಪ್ರಾಶಸ್ತ್ಯಗಳ (ಪ್ರಿಫರೆನ್ಸಸ್) ಕಿಟಕಿಯ ‘ಫೋಲ್ಡರ್ಸ್’ ವಿಭಾಗವನ್ನೂ ಪರಿಶೀಲಿಸಿ: ಹಿಂದೆ ನೀವೇ ಕೈಯಾರೆ ಸೇರಿಸಿದ ವಿಳಾಸಗಳು 3.0ಕ್ಕೆ ಬಂದ ಮೇಲೂ ಹಳೆಯ ಜಾಗವನ್ನೇ ತೋರಿಸುತ್ತಿರಬಹುದು.

2.8ರ ಕಾಲದಿಂದ ಬಳಸಿದವರ ಕಂಪ್ಯೂಟರಿನಲ್ಲಿ ಇನ್ನೂ ಹಳೆಯ ಪದರವೊಂದಿದೆ. ಆ ಆವೃತ್ತಿ ತನ್ನ ಸೆಟ್ಟಿಂಗ್‌ಗಳನ್ನು ಬಳಕೆದಾರನ ಫೋಲ್ಡರಿನಲ್ಲೇ, ಚುಕ್ಕಿಯಿಂದ ಆರಂಭವಾಗುವ ‘.ಜಿಂಪ್-2.8’ ಎಂಬ ಹೆಸರಿನಲ್ಲಿ ಇಡುತ್ತಿತ್ತು. ಚಿಕ್ಕ ಗಾತ್ರದ ಮುನ್ನೋಟಗಳಿಗೆ ‘.ಥಂಬ್‌ನೇಲ್ಸ್’ ಎಂಬ ಫೋಲ್ಡರೂ ಪಕ್ಕದಲ್ಲಿರುತ್ತಿತ್ತು. ಬೇಕಾದ ಬ್ರಷ್‌ಗಳನ್ನು ತೆಗೆದಿಟ್ಟುಕೊಂಡ ಮೇಲೆ ಇವೆರಡನ್ನೂ ಅಳಿಸಲು ಹಿಂಜರಿಯಬೇಕಾಗಿಲ್ಲ.

ನಿಜವಾಗಿ ಜಾಗ ತಿನ್ನುವುದು ಸ್ವಾಪ್ ಫೈಲುಗಳು. ದೊಡ್ಡ ಚಿತ್ರವನ್ನು ತಿದ್ದುವಾಗ ಮೆಮೊರಿ ಸಾಲದೆ ಹೋದರೆ ಜಿಂಪ್ ತಾತ್ಕಾಲಿಕವಾಗಿ ಡಿಸ್ಕಿನಲ್ಲಿ ಬರೆದಿಡುವ ಈ ಫೈಲುಗಳು ತಂತ್ರಾಂಶವನ್ನು ಸರಿಯಾಗಿ ಮುಚ್ಚಿದಾಗ ತಾವೇ ಅಳಿಯುತ್ತವೆ. ಆದರೆ ನಮ್ಮ ಕಡೆ ಮುಂಗಾರಿನ ಗಾಳಿ, ಸಿಡಿಲುಗಳ ನಡುವೆ ವಿದ್ಯುತ್ ಹೋಗಿ ಕಂಪ್ಯೂಟರ್ ಹಠಾತ್ತನೆ ಆರಿದರೆ ಅವು ಅಲ್ಲೇ ಉಳಿದುಬಿಡಬಹುದು. ಒಂದೊಂದೂ ಹಲವು ಜಿಬಿಯಷ್ಟು ಬೆಳೆಯಬಹುದು. ಅವು ಎಲ್ಲಿವೆ ಎಂಬುದನ್ನು ಪ್ರಾಶಸ್ತ್ಯಗಳ ‘ಫೋಲ್ಡರ್ಸ್’ ವಿಭಾಗವೇ ತೋರಿಸುತ್ತದೆ. ಹಳೆಯ ಮತ್ತು ಹೊಸ ಆವೃತ್ತಿಗಳ ಸ್ವಾಪ್ ಫೋಲ್ಡರುಗಳು ಬೇರೆ ಬೇರೆಯಾಗಿರಬಹುದಾದ್ದರಿಂದ, 2.10ನ್ನು ತೆಗೆಯುವ ಮೊದಲೇ ಅದರೊಳಗೆ ಹೋಗಿ ಈ ವಿಳಾಸವನ್ನು ಬರೆದಿಟ್ಟುಕೊಳ್ಳಬೇಕು. ಜಿಂಪ್ ಮುಚ್ಚಿರುವಾಗ ಅಲ್ಲಿ ಕಾಣುವ ಸ್ವಾಪ್ ಫೈಲುಗಳನ್ನೆಲ್ಲ ಅಳಿಸಬಹುದು.

ಈ ಕೆಲಸಕ್ಕಾಗಿ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ದಾಖಲಿಸಿಡುವ ಜಾಗ) ಶುಚಿಗೊಳಿಸುವ ತಂತ್ರಾಂಶಗಳನ್ನು ತಂದು ಹಾಕಿಕೊಳ್ಳುವುದನ್ನು ನಾನು ಶಿಫಾರಸು ಮಾಡುವುದಿಲ್ಲ. ಯಾವ ಬ್ರಷ್ ನಿಮ್ಮದು, ಯಾವುದು ತಂತ್ರಾಂಶದ ಜೊತೆಗೆ ಬಂದದ್ದು ಎಂದು ವಿಂಗಡಿಸುವ ತಿಳಿವಳಿಕೆ ಅವಕ್ಕಿಲ್ಲ, ಮತ್ತು ಜಿಂಪ್‌ನ ಮಟ್ಟಿಗೆ ಉಳಿಯುವ ಭಾರವೆಲ್ಲ ಫೋಲ್ಡರುಗಳಲ್ಲಿದೆಯೇ ಹೊರತು ರಿಜಿಸ್ಟ್ರಿಯಲ್ಲಿಲ್ಲ. ಹಳೆಯದನ್ನು ತೆಗೆದ ಬಳಿಕ ಎಕ್ಸ್‌ಸಿಎಫ್ ಫೈಲುಗಳು ಎರಡು ಬಾರಿ ಒತ್ತಿದಾಗ ತೆರೆಯದಿದ್ದರೆ ‘ಓಪನ್ ವಿತ್’ ಮೂಲಕ 3.0ನ್ನು ಆರಿಸಿಕೊಟ್ಟರೆ ಮುಗಿಯಿತು.

ತಂತ್ರಾಂಶದ ಬಗ್ಗೆ ಹೇಳುವುದಾದರೆ, ಮುದ್ರಣಕ್ಕೆ ಹೆಸರಾದ ಮಣಿಪಾಲದ ನೆರೆಯಲ್ಲಿರುವ ನಮಗೆ 3.0ರ ಸುಧಾರಿತ ಸಿಎಂವೈಕೆ (ಮುದ್ರಣದ ನಾಲ್ಕು ಬಣ್ಣಗಳ ಕ್ರಮ) ಸೌಲಭ್ಯವೊಂದೇ ಹೊಸ ಆವೃತ್ತಿಗೆ ಬರಲು ಸಾಕಷ್ಟು ಕಾರಣ. ಒಂದು ಪೈಸೆ ಕೊಡದೆ ಸಿಗುವ ಈ ತಂತ್ರಾಂಶಕ್ಕೆ ನಾನು ಐದರಲ್ಲಿ ನಾಲ್ಕೂವರೆ ಅಂಕ ಕೊಡುತ್ತೇನೆ. ಬಳಕೆದಾರನ ಹಳೆಯ ಫೋಲ್ಡರುಗಳನ್ನೂ ಅವುಗಳ ಗಾತ್ರವನ್ನೂ ತೋರಿಸಿ, ಉಳಿಸಬೇಕೇ ಅಳಿಸಬೇಕೇ ಎಂದು ಕೇಳುವ ಒಂದು ಕಿಟಕಿ ತಂತ್ರಾಂಶದೊಳಗೇ ಇದ್ದಿದ್ದರೆ ಉಳಿದ ಅರ್ಧ ಅಂಕವನ್ನೂ ಸಂತೋಷದಿಂದ ಕೊಡುತ್ತಿದ್ದೆ. ಮೇ ಅಂತ್ಯದ ಹೊತ್ತಿಗೆ ಬರುವ ಪತ್ತನಾಜೆಗೆ ಯಕ್ಷಗಾನ ಮೇಳಗಳ ತಿರುಗಾಟ ಮುಗಿದು ಕೆಲಸ ಕಡಿಮೆಯಾಗುವ ಹೊತ್ತು ಈ ಶುಚಿಕಾರ್ಯಕ್ಕೆ ಅನುಕೂಲವಾಗಿದೆ, ಆಗಲೂ ‘2.10’ ಫೋಲ್ಡರಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿಕೊಂಡ ನಂತರವೇ ಮೂಲವನ್ನು ಅಳಿಸಿ.