ಕೊಲೆಸ್ಟ್ರಾಲ್ ಇಳಿಸುವ ಡಬ್ಬ ಊಟ: ಕೊಟ್ಟ ದುಡ್ಡಿಗೆ ಸಿಕ್ಕಿದ್ದೇನು?

ಹೃದಯಕ್ಕೆ ಹಿತವಾದ ಊಟವನ್ನು ಡಬ್ಬದಲ್ಲಿ ತುಂಬಿ ಕಳುಹಿಸುತ್ತೇವೆ ಎನ್ನುವ ಅಡುಗೆಮನೆಗಳು ದಕ್ಷಿಣ ಬೆಂಗಳೂರಿನಲ್ಲಿ ಈಗ ಹಲವಿವೆ. ಅವುಗಳಲ್ಲಿ ಒಂದಕ್ಕೆ ನಾನು ಮೂರು ತಿಂಗಳ ಚಂದಾ ಕಟ್ಟಿದ್ದೆ. ತಿಂಗಳಿಗೆ 6,800 ರೂಪಾಯಿ. ಸೋಮವಾರದಿಂದ ಶುಕ್ರವಾರದವರೆಗೆ ಮಧ್ಯಾಹ್ನದ ಊಟ, ವಾರಕ್ಕೊಮ್ಮೆ ಆಹಾರತಜ್ಞೆಯೊಂದಿಗೆ ಫೋನಿನಲ್ಲಿ ಮಾತು, ಶನಿವಾರ ಬೆಳಿಗ್ಗೆ ಲಾಲ್‌ಬಾಗ್‌ನಲ್ಲಿ ಗುಂಪು ನಡಿಗೆ. ಹೆಸರು ಬರೆಯುವುದಿಲ್ಲ. ಹೊಗಳಲೂ ತೆಗಳಲೂ ನನ್ನಲ್ಲಿರುವ ಕಾರಣಗಳು ಇಂಥ ಬೇರೆ ಸೇವೆಗಳಿಗೂ ಸಲ್ಲುತ್ತವೆ. ಕಟ್ಟುವ ಮೊದಲು ಏನು ಕೇಳಬೇಕು ಎಂಬುದು ತಿಳಿದರೆ ಸಾಕು.

ನನಗೆ ಐವತ್ತೆರಡು. ಚಾಮರಾಜಪೇಟೆಯ ಶಾಲೆಯೊಂದರಲ್ಲಿ ಗಣಿತ ಹೇಳಿಕೊಡುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ರಕ್ತಪರೀಕ್ಷೆಯಲ್ಲಿ ಮಾತ್ರ ಒಟ್ಟು ಕೊಲೆಸ್ಟ್ರಾಲ್ 248, ‘ಒಳ್ಳೆಯ ಕೊಲೆಸ್ಟ್ರಾಲ್’ ಎನ್ನುವ ಎಚ್‌ಡಿಎಲ್ 42, ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬಾದ ಟ್ರೈಗ್ಲಿಸರೈಡ್ 190 ಎಂದು ಬಂತು. ‘ಕೆಟ್ಟ ಕೊಲೆಸ್ಟ್ರಾಲ್’ ಎನ್ನುವ ಎಲ್‌ಡಿಎಲ್ 168. ಈ ಕೊನೆಯ ಸಂಖ್ಯೆಯನ್ನು ಎಷ್ಟೋ ಪ್ರಯೋಗಾಲಯಗಳು ನೇರವಾಗಿ ಅಳೆಯುವುದಿಲ್ಲ, ಲೆಕ್ಕ ಹಾಕುತ್ತವೆ: ಒಟ್ಟಿನಿಂದ ಎಚ್‌ಡಿಎಲ್ ಕಳೆಯಿರಿ, ಟ್ರೈಗ್ಲಿಸರೈಡ್‌ನ ಐದನೇ ಒಂದು ಭಾಗವನ್ನೂ ಕಳೆಯಿರಿ. 1972ರಲ್ಲಿ ಪ್ರಕಟವಾದ ಫ್ರೀಡ್‌ವಾಲ್ಡ್ ಸೂತ್ರ ಇದು. ಟ್ರೈಗ್ಲಿಸರೈಡ್ 400 ದಾಟಿದರೆ ಕೈಕೊಡುತ್ತದೆ. ಏಳನೆಯ ತರಗತಿಯ ಮಕ್ಕಳೂ ಮಾಡಬಹುದಾದ ಲೆಕ್ಕ. ವೈದ್ಯರು ವರದಿ ನೋಡಿ, ಮೂರು ತಿಂಗಳು ಊಟ, ನಡಿಗೆ ಸರಿಮಾಡಿಕೊಂಡು ಬನ್ನಿ, ಮಾತ್ರೆಯ ಮಾತು ಆಮೇಲೆ ಎಂದರು.

ಡಬ್ಬದ ವಿಷಯಕ್ಕೆ ಬರೋಣ. ನಾಲ್ಕು ಬಟ್ಟಲಿನ ಸ್ಟೀಲ್ ಕ್ಯಾರಿಯರ್. ಹನ್ನೆರಡೂವರೆಯ ಒಳಗೆ ಶಾಲೆಯ ಗೇಟಿಗೆ ಬರುತ್ತದೆ, ತಡವಾದದ್ದು ಅಪರೂಪ. ಕೆಳಗಿನ ಬಟ್ಟಲಿನಲ್ಲಿ ಅನ್ನದ ಜಾಗಕ್ಕೆ ನವಣೆ, ಸಾಮೆ ಅಥವಾ ಜವೆಗೋಧಿ (ಬಾರ್ಲಿ), ಅದರ ಮೇಲೆ ಹುಳಿ ಅಥವಾ ಸಾರು, ಮೂರನೆಯದರಲ್ಲಿ ಪಲ್ಯ, ತುದಿಯಲ್ಲಿ ಹೆಸರುಬೇಳೆ ಕೋಸಂಬರಿ ಇಲ್ಲವೇ ಮೊಳಕೆಕಾಳು. ಜವೆಗೋಧಿಯ ಬಿಸಿಬೇಳೆಬಾತ್ ನಿಜಕ್ಕೂ ಚೆನ್ನಾಗಿತ್ತು. ತುಪ್ಪವಿಲ್ಲದಿದ್ದರೂ ಮರಾಠಿ ಮೊಗ್ಗು, ಚಕ್ಕೆಯ ಘಮ ಮುಚ್ಚಳ ತೆಗೆದ ಕೂಡಲೇ ಸ್ಟಾಫ್ ರೂಮಿನ ಆ ಮೂಲೆಯವರೆಗೂ ಹೋಗುತ್ತಿತ್ತು. ಜವೆಗೋಧಿಯ ಲೋಳೆ ಬೇಳೆಯನ್ನು ಹಿಡಿದಿಡುವುದರಿಂದ ತಣ್ಣಗಾದರೂ ಹದ ಕೆಡುವುದಿಲ್ಲ. ನವಣೆ ಅನ್ನ ಹಾಗಲ್ಲ. ಬಿಸಿಯಾಗಿದ್ದಾಗ ಸರಿ, ಒಂದು ಗಂಟೆಯ ಹೊತ್ತಿಗೆ ಉದುರುದುರಾಗಿ ಗಂಟಲಲ್ಲಿ ನಿಲ್ಲುತ್ತದೆ, ಸಾರು ಎಷ್ಟಿದ್ದರೂ ಸಾಲದು. ರಾಗಿ ರೊಟ್ಟಿ ಕಳುಹಿಸುವ ಸಾಹಸವನ್ನು ಅವರು ಕೈಬಿಡುವುದು ಒಳ್ಳೆಯದು, ಹರಿಯಲು ಎರಡೂ ಕೈ ಬೇಕು.

ಎಣ್ಣೆ ಎಷ್ಟು ಹಾಕುತ್ತಾರೆ ಎಂದು ನೋಡಲು ನನ್ನದೊಂದು ಉಪಾಯವಿದೆ. ಪಲ್ಯ ತಿಂದ ಮೇಲೆ ಖಾಲಿ ಬಟ್ಟಲಿನ ತಳವನ್ನು ಹಳೆಯ ಪತ್ರಿಕೆಯ ಚೂರಿನಿಂದ ಒರೆಸಿ, ಆ ಚೂರನ್ನು ಕಿಟಕಿಗೆ ಹಿಡಿಯುತ್ತೇನೆ. ನೀರಾದರೆ ಸ್ವಲ್ಪ ಹೊತ್ತಿನಲ್ಲಿ ಆರಿಹೋಗುತ್ತದೆ. ಎಣ್ಣೆಯಾದರೆ ಆ ಜಾಗ ಪಾರದರ್ಶಕವಾಗಿಯೇ ಉಳಿದು, ಹಿಂದಿನ ಪುಟದ ಅಕ್ಷರಗಳು ಕಾಣುತ್ತವೆ. ಮೊದಲ ತಿಂಗಳು ಕಲೆ ರೂಪಾಯಿ ನಾಣ್ಯದಷ್ಟೂ ಇರಲಿಲ್ಲ. ಎರಡನೆಯ ತಿಂಗಳ ನಡುವೆ ಅಡುಗೆಯವರು ಬದಲಾದರೋ ಏನೋ, ಬದನೆಕಾಯಿ ಪಲ್ಯದ ದಿನ ಇಡೀ ಚೂರೇ ಗಾಜಾಯಿತು. ಫೋಟೋ ತೆಗೆದು ಕಳುಹಿಸಿದೆ. ಮರುದಿನದಿಂದ ಸರಿಹೋಯಿತು, ಅದಕ್ಕೆ ಅಂಕ ಕೊಡುತ್ತೇನೆ.

ಸಿಟ್ಟು ಬಂದದ್ದು ಚೀಟಿಯ ಮೇಲೆ. ಪ್ರತಿ ಬಟ್ಟಲಿಗೂ ಹಸಿರು ಬಣ್ಣದ ಚೀಟಿ: ‘ಕೊಲೆಸ್ಟ್ರಾಲ್ ರಹಿತ’. ಪಡವಲಕಾಯಿ ಪಲ್ಯದ ಮೇಲೂ ಅದೇ, ಪರಂಗಿಹಣ್ಣಿನ ಹೋಳಿನ ಮೇಲೂ ಅದೇ. ಗಿಡದಿಂದ ಬಂದ ಯಾವ ಆಹಾರದಲ್ಲೂ ಹೆಸರಿಗೆ ಹೇಳುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ಅದು ಮೊಟ್ಟೆ, ಮಾಂಸ, ಹಾಲು, ತುಪ್ಪದಂಥ ಪ್ರಾಣಿಮೂಲದ ಪದಾರ್ಥಗಳ ಸೊತ್ತು. ಅಲ್ಲದೆ ನಮ್ಮ ರಕ್ತದಲ್ಲಿರುವ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ದೇಹವೇ ತಯಾರಿಸಿಕೊಳ್ಳುತ್ತದೆ. ಊಟದಲ್ಲಿ ನೋಡಬೇಕಾದದ್ದು ಸ್ಯಾಚುರೇಟೆಡ್ ಕೊಬ್ಬನ್ನು, ಅಂದರೆ ಬೆಣ್ಣೆ, ತುಪ್ಪದಂತೆ ತಣ್ಣಗಾದರೆ ಗಟ್ಟಿಯಾಗುವ ಬಗೆಯದನ್ನು. ಅದು ಹೆಚ್ಚಾದರೆ ರಕ್ತದಲ್ಲಿರುವ ಎಲ್‌ಡಿಎಲ್ಲನ್ನು ಒಳಗೆಳೆದುಕೊಳ್ಳುವ ಯಕೃತ್ತಿನ ಶಕ್ತಿ ಕುಗ್ಗುತ್ತದೆ. ಕೊಬ್ಬರಿ ಎಣ್ಣೆಯಲ್ಲಿ ಕೊಲೆಸ್ಟ್ರಾಲ್ ಸೊನ್ನೆ, ಸ್ಯಾಚುರೇಟೆಡ್ ಕೊಬ್ಬು ಶೇಕಡ 80ಕ್ಕೂ ಮೇಲೆ. ಚೀಟಿ ಸುಳ್ಳು ಹೇಳಲಿಲ್ಲ, ಬೇಕಾದದ್ದನ್ನು ಹೇಳಲಿಲ್ಲ.

ಸಂಜೆಯ ತಿಂಡಿಗೆಂದು ಡಬ್ಬದ ಜೊತೆ ಬರುವ ‘ಬೇಯಿಸಿದ ನಿಪ್ಪಟ್ಟು’ ಇದಕ್ಕೆ ಸಾಕ್ಷಿ. ಕರಿದಿಲ್ಲ, ಓವನ್ನಿನಲ್ಲಿ ಬೇಯಿಸಿದ್ದು ಎಂದು ಮುಂದೆ ದಪ್ಪಕ್ಷರ. ತಿರುಗಿಸಿ ನೋಡಿದರೆ ಇರುವೆ ಗಾತ್ರದ ಅಕ್ಷರಗಳಲ್ಲಿ ಪಾಮೋಲಿನ್, ತಾಳೆ ಎಣ್ಣೆಯದೇ ಒಂದು ರೂಪ. ನಿಪ್ಪಟ್ಟು ಗರಿಗರಿಯಾಗಬೇಕಾದರೆ ಹಿಟ್ಟಿಗೆ ಕಾದ ಎಣ್ಣೆ ಸುರಿದು ಕಲೆಸಬೇಕೆಂಬುದು ಅಡುಗೆ ಬಲ್ಲ ಯಾರಿಗೂ ಗೊತ್ತು. ಬಾಣಲೆಯಲ್ಲಿ ಹೀರಬೇಕಾದದ್ದನ್ನು ಹಿಟ್ಟಿನಲ್ಲೇ ಕುಡಿಸಿರುತ್ತಾರೆ. ತಾಳೆ ಎಣ್ಣೆಯ ಕೊಬ್ಬಿನಲ್ಲಿ ಹತ್ತಿರಹತ್ತಿರ ಅರ್ಧ ಸ್ಯಾಚುರೇಟೆಡ್. ಕಡಲೆಕಾಯಿ ಎಣ್ಣೆಯಲ್ಲಿ ಅದು ಐದನೇ ಒಂದು ಭಾಗದ ಸುತ್ತಮುತ್ತ. ಫೋನ್ ಮಾಡಿ ಕೇಳಿದರೆ, “ಮೇಡಂ, ಅದು ಹೊರಗಿನಿಂದ ತರಿಸುವುದು” ಎಂದರು. ಹೊರಗಿನದಾದರೆ ಒಳಗಿನ ಚೀಟಿ ಏಕೆ ಅಂಟಿಸುತ್ತೀರಿ ಎಂಬ ಪ್ರಶ್ನೆಗೆ ಉತ್ತರ ಬರಲಿಲ್ಲ. ಆಮೇಲೆ ನಿಪ್ಪಟ್ಟಿನ ಬದಲು ಹುರಿಗಡಲೆ ಕೇಳಿ ಪಡೆದೆ. ನೀವೂ ಕೇಳಿ, ಕೊಡುತ್ತಾರೆ.

ಇನ್ನೊಂದು ದೂರು ಇದಕ್ಕಿಂತ ದೊಡ್ಡದು. ಚಂದಾ ಮಾರುವ ಹುಡುಗಿ ನಮ್ಮ ಪಕ್ಕದ ಮನೆಯ ಹಿರಿಯರಿಗೂ ಫೋನ್ ಮಾಡಿ, “ಅಂಕಲ್, ಆರು ತಿಂಗಳು ನಮ್ಮ ಊಟ ಮಾಡಿ, ಮಾತ್ರೆ ಬಿಟ್ಟುಬಿಡಬಹುದು” ಎಂದಳಂತೆ. ಅವರಿಗೆ ಸ್ಟೆಂಟ್ ಹಾಕಿದೆ, ದಿನಾ ಕೊಲೆಸ್ಟ್ರಾಲ್ ಇಳಿಸುವ ರೊಸುವಾಸ್ಟಾಟಿನ್ ಎಂಬ ಸ್ಟಾಟಿನ್ ಮಾತ್ರೆ ನುಂಗುತ್ತಾರೆ. ಒಮ್ಮೆ ಹೃದಯದ ತೊಂದರೆ ಬಂದವರಿಗೆ ಸ್ಟಾಟಿನ್ ಮಾತ್ರೆ ಊಟಕ್ಕೆ ಪರ್ಯಾಯವೂ ಅಲ್ಲ, ಊಟ ಅದಕ್ಕೆ ಪರ್ಯಾಯವೂ ಅಲ್ಲ. ವಂಶದಿಂದಲೇ ಕೊಲೆಸ್ಟ್ರಾಲ್ ಏರಿರುವವರಿಗೂ ಬರೀ ಸೊಪ್ಪು, ಕಾಳಿನಿಂದ ಸಾಲುವುದಿಲ್ಲ. ಆ ಹುಡುಗಿಯ ಮಾತನ್ನು ಅದೇ ಸಂಸ್ಥೆಯ ಆಹಾರತಜ್ಞೆಗೆ ಹೇಳಿದಾಗ ಆಕೆ ಬೆಚ್ಚಿಬಿದ್ದರು. ಅಡುಗೆಮನೆಯೂ ಮಾರಾಟದವರೂ ಒಬ್ಬರ ಮುಖ ಒಬ್ಬರು ನೋಡದ ಸಂಸ್ಥೆ ಎಂದುಕೊಂಡೆ.

ಆಹಾರತಜ್ಞೆ ಮಾತ್ರ ಈ ಪ್ಯಾಕೇಜಿನ ಚಿನ್ನ. ನನ್ನ ವಯಸ್ಸಿನ ಅರ್ಧದ ಹೆಣ್ಣುಮಗಳು, ಪುಸ್ತಕದ ಪಾಠ ಒಪ್ಪಿಸುವುದಿಲ್ಲ. ಮೊದಲ ಕರೆಯಲ್ಲೇ, “ಮನೆಗೆ ಯಾವ ಬಣ್ಣದ ಹಾಲಿನ ಪ್ಯಾಕೆಟ್ ತರುತ್ತೀರಿ?” ಎಂದು ಕೇಳಿದರು. ನಮ್ಮ ಮನೆಯವರಿಗೆ ಕಾಫಿ ಗಟ್ಟಿಯಾಗಿರಬೇಕು, ಹಾಗಾಗಿ ಶೇಕಡ 6 ಕೊಬ್ಬಿನ ಕೆನೆಭರಿತ ಹಾಲು. ನಂದಿನಿಯ ನೀಲಿ ಪ್ಯಾಕೆಟ್ಟಿನ ಟೋನ್ಡ್ ಹಾಲಿನಲ್ಲಿ ಶೇಕಡ 3. ಲೀಟರಿಗೆ ಸುಮಾರು 60 ಗ್ರಾಂ ಇದ್ದ ಕೊಬ್ಬು 30ಕ್ಕೆ ಇಳಿಯುತ್ತದೆ, ಅದರಲ್ಲಿ ಮೂರರಲ್ಲಿ ಎರಡು ಪಾಲಿನಷ್ಟು ಸ್ಯಾಚುರೇಟೆಡ್. ಬಣ್ಣ ಬದಲಾಯಿಸಲು ಒಂದು ಪೈಸೆ ಹೆಚ್ಚು ಖರ್ಚಿಲ್ಲ, ಉಳಿತಾಯವೇ. “ಕೆನೆ ತೆಗೆದುಬಿಡುತ್ತೇನಮ್ಮ” ಎಂದೆ. “ತೆಗೆದ ಕೆನೆ ಎಲ್ಲಿ ಹೋಗುತ್ತದೆ ಮೇಡಂ?” ಎಂದರು. ಬೆಣ್ಣೆಯಾಗಿ, ತುಪ್ಪವಾಗಿ, ಕೊನೆಗೆ ನನ್ನ ತಟ್ಟೆಗೇ. ನಗು ಬಂತು.

ಓಟ್ಸ್ ವಿಷಯದಲ್ಲೂ ಅವರು ಪ್ರಮಾಣ ಹೇಳಿದರು. ಓಟ್ಸ್ ಮತ್ತು ಜವೆಗೋಧಿಯಲ್ಲಿರುವ ಬೀಟಾ ಗ್ಲೂಕಾನ್ ಎಂಬ ಕರಗುವ ನಾರು ದಿನಕ್ಕೆ 3 ಗ್ರಾಂ ಸಿಕ್ಕರೆ ಎಲ್‌ಡಿಎಲ್ ಇಳಿಯಲು ನೆರವಾಗುತ್ತದೆ. ಆ ನಾರು ಕರುಳಿನಲ್ಲಿ ಪಿತ್ತರಸದ ಆಮ್ಲಗಳನ್ನು ಹಿಡಿದು ಹೊರಗೆ ಸಾಗಿಸುತ್ತದೆ. ಹೊಸ ಪಿತ್ತರಸ ತಯಾರಿಸಲು ಯಕೃತ್ತು ರಕ್ತದಿಂದ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಆದರೆ ಒಣ ಓಟ್ಸ್ 40 ಗ್ರಾಂನಲ್ಲಿ ಸಿಗುವುದು ಒಂದೂವರೆ ಗ್ರಾಂ ಆಸುಪಾಸು. ದೋಸೆ ಹಿಟ್ಟಿಗೆ ಎರಡು ಚಮಚ ಓಟ್ಸ್ ಉದುರಿಸಿ ‘ಓಟ್ಸ್ ದೋಸೆ’ ಎಂದು ಕರೆದುಕೊಳ್ಳುವವರು ಲೆಕ್ಕ ಹಾಕಿಕೊಳ್ಳಲಿ. ಹೋಟೆಲಿನ ಬಗ್ಗೆಯೂ ಆಕೆ ಕಟುವಾಗಿರಲಿಲ್ಲ. ಇಡ್ಲಿ ತಿನ್ನಿ, ಜೊತೆಗಿನ ವಡೆ ಬಿಡಿ. ಗಾಂಧಿಬಜಾರಿನ ಮಸಾಲೆದೋಸೆಯನ್ನು ವಾರದ ಅಭ್ಯಾಸದಿಂದ ತಿಂಗಳ ಸಂಭ್ರಮಕ್ಕೆ ಏರಿಸಿ ಎಂದರು. ನಮ್ಮ ಸ್ಟಾಫ್ ರೂಮಿನ ಬೇಕರಿ ಪಫ್ಸ್ ಬಗ್ಗೆ ಕೇಳಿದೆ. 2022ರಿಂದ ಎಣ್ಣೆ, ವನಸ್ಪತಿಯಲ್ಲಿ ಟ್ರಾನ್ಸ್ ಕೊಬ್ಬಿಗೆ (ಎಣ್ಣೆಯನ್ನು ಗಟ್ಟಿ ಮಾಡುವಾಗ ಹುಟ್ಟುವ, ಹೃದಯಕ್ಕೆ ಕೆಟ್ಟ ಕೊಬ್ಬು) ಶೇಕಡ 2ರ ಮಿತಿ ಬಂದಿದೆ, ಆದರೂ ಪದರ ಪದರವಾಗಿ ಏಳಲು ಗಟ್ಟಿ ಕೊಬ್ಬು ಬೇಕೇ ಬೇಕು ಎಂದರು. ಪಫ್ಸ್ ಬಿಟ್ಟೆ. ಖಾರಾ ಬನ್ ಬಿಡಲು ಇನ್ನೂ ಮನಸ್ಸು ಬಂದಿಲ್ಲ.

ಗುರುವಾರ ಬರುತ್ತಿದ್ದ ಬಸ್ಸಾರಿನ ಬಗ್ಗೆ ಹೇಳದಿದ್ದರೆ ತಪ್ಪಾಗುತ್ತದೆ. ನಾನು ಮಂಡ್ಯ ಕಡೆಯವಳು. ಬಸ್ಸಾರನ್ನು ಸುಲಭಕ್ಕೆ ಮೆಚ್ಚುವವಳಲ್ಲ. ಹುರುಳಿಕಾಳು, ದಂಟಿನ ಸೊಪ್ಪು ಬೇಯಿಸಿ ಬಸಿದ ಕಟ್ಟಿನ ನೀರಿಗೆ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಜೀರಿಗೆ, ಮೆಣಸಿನ ಖಾರ ರುಬ್ಬಿ ಹಾಕಿದ್ದರು. ಕಾಯಿ ಕಡಿಮೆ, ಆದರೂ ಸಾರು ತೆಳ್ಳಗಾಗಿರಲಿಲ್ಲ, ಏಕೆಂದರೆ ಬೆಂದ ಕಾಳನ್ನೇ ಒಂದು ಹಿಡಿ ಸೇರಿಸಿ ರುಬ್ಬಿದ್ದರು. ಬಸಿದ ಸೊಪ್ಪು, ಕಾಳಿಗೆ ಒಗ್ಗರಣೆ ಕೊಟ್ಟು ಪಲ್ಯ. ನಾರು, ಪ್ರೋಟೀನು ಎರಡೂ ಒಂದೇ ಪಾತ್ರೆಯಿಂದ. ಉಪ್ಪು ಮಾತ್ರ ಒಂದು ಕಲ್ಲು ಹೆಚ್ಚು.

ಶನಿವಾರದ ನಡಿಗೆ ಲಾಲ್‌ಬಾಗ್‌ನ ಪಶ್ಚಿಮ ದ್ವಾರದಿಂದ ಶುರು. ತರಬೇತುದಾರ ಹುಡುಗ ಒಳ್ಳೆಯವನು: ನಡೆಯುವಾಗ ಮಾತನಾಡಲು ಆಗಬೇಕು, ಹಾಡಲು ಆಗಬಾರದು, ಅದೇ ವೇಗ ಎನ್ನುತ್ತಾನೆ. ಸುಮಾರು 300 ಕೋಟಿ ವರ್ಷ ಹಳೆಯ ಆ ಬಂಡೆಯನ್ನು ಹತ್ತಿ ಕೆಂಪೇಗೌಡ ಗೋಪುರದ ಬಳಿ ನಿಲ್ಲುವ ಹೊತ್ತಿಗೆ ನಮ್ಮ ಗುಂಪಿನಲ್ಲಿ ಹಾಡುವವರಿರಲಿ, ಮಾತನಾಡುವವರೂ ಇರುತ್ತಿರಲಿಲ್ಲ. ಆದರೆ ವಾರಕ್ಕೊಂದು ದಿನದ ನಡಿಗೆಯಿಂದ ಏನಾಗುತ್ತದೆ? ಬೇಕಾದದ್ದು ವಾರಕ್ಕೆ ಕನಿಷ್ಠ 150 ನಿಮಿಷ. ಉಳಿದ ದಿನಗಳನ್ನು ಹನುಮಂತನಗರದ ರಾಮಾಂಜನೇಯ ಗುಡ್ಡದ ಮೆಟ್ಟಿಲುಗಳ ಮೇಲೆ ನಾನೇ ತುಂಬಿಸಿಕೊಂಡೆ. ಗುಂಪಿನ ಅರ್ಧ ಜನ ನಡಿಗೆ ಮುಗಿದ ಕೂಡಲೇ ಗೇಟಿನ ಹೊರಗೆ ಬೂದುಗುಂಬಳದ ರಸಕ್ಕೆ ಸಾಲು ನಿಲ್ಲುತ್ತಾರೆ. ರಸ ಸೋಸಿದವನ ಬುಟ್ಟಿಯಲ್ಲಿ ನಾರು ಉಳಿಯುತ್ತದೆ, ಲೋಟದಲ್ಲಿ ನೀರು ಬರುತ್ತದೆ. ಹೇಳಿದರೆ ಮುಖ ಸಿಂಡರಿಸುತ್ತಾರೆ, ಹಾಗಾಗಿ ಇಲ್ಲಿ ಹೇಳುತ್ತಿದ್ದೇನೆ.

ಮೂರು ತಿಂಗಳ ನಂತರದ ವರದಿ: ಒಟ್ಟು 219, ಎಚ್‌ಡಿಎಲ್ 44, ಟ್ರೈಗ್ಲಿಸರೈಡ್ 150, ಎಲ್‌ಡಿಎಲ್ 145. ಎಲ್‌ಡಿಎಲ್ ಶೇಕಡ 13ಕ್ಕಿಂತ ತುಸು ಹೆಚ್ಚು ಇಳಿದಿದೆ. ಇದರಲ್ಲಿ ಡಬ್ಬದ ಪಾಲೆಷ್ಟು, ನೀಲಿ ಪ್ಯಾಕೆಟ್ಟಿನ ಪಾಲೆಷ್ಟು, ಗುಡ್ಡದ ಪಾಲೆಷ್ಟು ಎಂದರೆ, ಒಂದೇ ಸಮೀಕರಣದಲ್ಲಿ ಮೂರು ಚರಾಕ್ಷರಗಳನ್ನಿಟ್ಟು ಬಿಡಿಸು ಎಂದ ಹಾಗೆ. ನಡಿಗೆಯ ಫಲ ಮುಖ್ಯವಾಗಿ ಟ್ರೈಗ್ಲಿಸರೈಡ್‌ನಲ್ಲಿ ಕಾಣುತ್ತದೆ, ಎಲ್‌ಡಿಎಲ್ ಮೇಲೆ ಅದರ ಪ್ರಭಾವ ಸಣ್ಣದು ಎಂದು ವೈದ್ಯರು ಹೇಳಿದರು. ಇನ್ನೂ ಇಳಿಯಬೇಕಿದೆ, ಹೀಗೇ ಮುಂದುವರಿಸಿ ಮತ್ತೆ ಪರೀಕ್ಷೆ ಮಾಡಿಸಿ ಎಂದು ಕಳುಹಿಸಿದ್ದಾರೆ.

ನನ್ನ ತೀರ್ಮಾನ: ಅಡುಗೆಗೆ ಪುರುಸೊತ್ತಿಲ್ಲದ, ಒಬ್ಬರೇ ಇರುವವರಿಗೆ ಈ ದುಡ್ಡು ಹೆಚ್ಚಲ್ಲ. ಮನೆಯಲ್ಲಿ ಒಲೆ ಹಚ್ಚುವವರು ಒಂದು ತಿಂಗಳು ತರಿಸಿಕೊಂಡು, ಪ್ರಮಾಣ ನೋಡಿಕೊಂಡು ನಿಲ್ಲಿಸಬಹುದು. ನಾನು ಡಬ್ಬ ನಿಲ್ಲಿಸಿದ್ದೇನೆ, ಆಹಾರತಜ್ಞೆಯ ಕರೆಯನ್ನು ತಿಂಗಳಿಗೆ 900 ರೂಪಾಯಿಗೆ ಉಳಿಸಿಕೊಂಡಿದ್ದೇನೆ. ಹಾಗೆ ಬಿಡಿಯಾಗಿ ಕೊಡುತ್ತಾರೆಂಬುದನ್ನು ಅವರ ಕರಪತ್ರ ಹೇಳುವುದಿಲ್ಲ, ಕೇಳಬೇಕು. ರಜೆಯ ದಿನದ ಡಬ್ಬ ಬೇಡವೆಂದರೆ ಹಿಂದಿನ ರಾತ್ರಿ ಎಂಟರೊಳಗೆ ತಿಳಿಸಿ, ಇಲ್ಲದಿದ್ದರೆ ಹಣ ಹೋಯಿತು. ಕ್ಯಾರಿಯರ್‌ಗೆ 500 ರೂಪಾಯಿ ಠೇವಣಿ ಇಟ್ಟುಕೊಳ್ಳುತ್ತಾರೆ. ನಾನು ತೊಳೆದು, ಒರೆಸಿ, ರಸೀದಿ ಬರೆಸಿಕೊಂಡೇ ಹಿಂತಿರುಗಿಸಿದ್ದೇನೆ; ಠೇವಣಿ ಈ ವಾರ, ಮುಂದಿನ ವಾರ ಎನ್ನುತ್ತಲೇ ಇದ್ದಾರೆ.