ಡಿಲನ್ 550ಸಿ: ಕೈಯಿಂದ ತಿರುಗಿಸುವ ಪ್ರೆಸ್ಸೇ ನನಗೆ ಯಾಕೆ ಸಾಕು

ಡಿಲನ್ 550ಸಿ ಅಂದರೆ ಹೊಡೆದ ತೋಟೆಯ ಖಾಲಿ ಕೇಸಿಗೆ (ಹಿತ್ತಾಳೆಯ ಕವಚಕ್ಕೆ) ಮತ್ತೆ ಮದ್ದು, ಗುಂಡು ತುಂಬಿ ಮನೆಯಲ್ಲೇ ತೋಟೆ ಮಾಡಿಕೊಳ್ಳುವ ಪ್ರೆಸ್. ಇದರ ಬಗ್ಗೆ ವಿಚಾರಿಸಿದರೆ ಎಲ್ಲರೂ ಮೊದಲು ಹೇಳುವ ಕೊರತೆ ಒಂದೇ. ಕೇಸುಗಳನ್ನು ಹಿಡಿದಿರುವ ದುಂಡು ತಟ್ಟೆ, ಅಂದರೆ ಶೆಲ್‌ಪ್ಲೇಟ್, ತಾನಾಗಿ ತಿರುಗುವುದಿಲ್ಲ, ಪ್ರತಿ ಸಲ ಹೆಬ್ಬೆರಳಿನಿಂದ ತಳ್ಳಬೇಕು. ಅದೇ ಕಂಪನಿಯ 750 ತಾನೇ ತಿರುಗುತ್ತದೆ, ಒಂದೊಂದು ಹಂತದ ಕೆಲಸ ನಡೆಯುವ ಐದು ಸ್ಟೇಷನ್ ಇವೆ, ವೇಗವೂ ಜಾಸ್ತಿ. ಆದರೂ ನಾನು ನಾಲ್ಕು ಸ್ಟೇಷನ್ನಿನ 550ಸಿಯನ್ನೇ ತಗೊಂಡೆ. ವರ್ಷಗಳಾದವು, ನನ್ನ 9 ಎಂಎಂ ತೋಟೆಗಳೆಲ್ಲ ಇದರಲ್ಲೇ ತಯಾರಾಗುತ್ತವೆ. ಆ ಹೆಬ್ಬೆರಳಿನ ಕೆಲಸವೇ ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟ.

ಕಾರಣ ಇದೆ. ಪಿಸ್ತೂಲಿನ ತೋಟೆಗೆ ಬೇಕಾಗುವ ಮದ್ದು ತೀರಾ ಸ್ವಲ್ಪ. ಎಷ್ಟೋ ಮದ್ದುಗಳು ಕೇಸಿನ ಅರ್ಧವನ್ನೂ ತುಂಬುವುದಿಲ್ಲ. ಪ್ಲೇಟ್ ತಿರುಗಿಸದೆ ಹಿಡಿಕೆಯನ್ನು ಎರಡು ಸಲ ಎಳೆದರೆ ಒಂದೇ ಕೇಸಿಗೆ ಎರಡು ಪಾಲು ಬೀಳುತ್ತದೆ, ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಅದನ್ನು ಹೊಡೆದರೆ ಪಿಸ್ತೂಲೇ ಸಿಡಿಯಬಹುದು. ಮದ್ದು ಬೀಳದೇ ಹೋದರೂ ಅಪಾಯ ಕಮ್ಮಿಯಲ್ಲ. ಬರೀ ಪ್ರೈಮರಿನ (ಕೇಸಿನ ತಳದಲ್ಲಿದ್ದು ಮದ್ದಿಗೆ ಕಿಡಿ ಕೊಡುವ ಚಿಕ್ಕ ಬಿಲ್ಲೆಯ) ಬಲಕ್ಕೆ ಗುಂಡು ನಳಿಕೆಯೊಳಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಗಮನಿಸದೆ ಇನ್ನೊಂದು ಹೊಡೆದರೆ ನಳಿಕೆ ಒಡೆಯಬಹುದು.

550ರಲ್ಲಿ ಎರಡನೇ ಸ್ಟೇಷನ್ನಿನಲ್ಲಿ ಮದ್ದು ಬೀಳುತ್ತದೆ, ಮೂರನೆಯದರಲ್ಲಿ ಗುಂಡು ಕೂರುತ್ತದೆ. ನಡುವೆ ಪ್ಲೇಟ್ ತಿರುಗಿಸುವವನು ನಾನೇ. ಹಾಗಾಗಿ ಒಂದು ಕ್ಷಣ ನಿಂತು ಕೇಸಿನೊಳಗೆ ನೋಡುವುದು ಆ ಲಯದಲ್ಲೇ ಸೇರಿಹೋಗಿದೆ. ಪ್ರೆಸ್ಸಿನ ಮೇಲ್ಭಾಗದ ಟೂಲ್‌ಹೆಡ್ಡಿನ ಕೆಳಗೆ ಚಿಕ್ಕ ಎಲ್‌ಇಡಿ ದೀಪ ಅಂಟಿಸಿದ್ದೇನೆ. ಬೆಳಕು ನೇರ ಕೇಸಿನ ಬಾಯಿಗೆ ಬೀಳುತ್ತದೆ. ಮದ್ದು ಎಷ್ಟು ಎತ್ತರಕ್ಕಿದೆ ಎಂದು ಕಣ್ಣಿಗೆ ಕಂಡ ಮೇಲೆಯೇ ಗುಂಡು ಇಡುವುದು. ಆರಿಸಿಕೊಂಡ ಮದ್ದೂ ಹಗುರ, ಜಾಗ ಜಾಸ್ತಿ ತಿನ್ನುವಂಥದ್ದು. ಎರಡು ಪಾಲು ಬಿದ್ದರೆ ಉಕ್ಕಿ ಪ್ಲೇಟಿನ ಮೇಲೆ ಚೆಲ್ಲುತ್ತದೆ. ಹೊಸಬರಿಗೆ ನಾನು ಮೊದಲು ಹೇಳುವುದು ಇದನ್ನೇ. ಬ್ರ್ಯಾಂಡ್ ಆಮೇಲೆ ನೋಡಿ, ಮೊದಲು ಎರಡು ಪಾಲು ಹಿಡಿಸದ ಮದ್ದು ಹುಡುಕಿ.

ಜೋಡಿಸುವಾಗ ಅವಸರ ಮಾಡಬಾರದು. ಪ್ರೆಸ್ಸಿಗಿಂತ ಮೊದಲು ಮೇಜು ಗಟ್ಟಿ ಇರಬೇಕು. ನನ್ನ ಗ್ಯಾರೇಜಿನ ಮೇಜನ್ನು ಗೋಡೆಯೊಳಗಿನ ಮರದ ಕಂಬಗಳಿಗೇ ಬೋಲ್ಟ್ ಹಾಕಿ ಬಿಗಿದಿದ್ದೇನೆ. ಹಿಡಿಕೆಯನ್ನು ಮುಂದಕ್ಕೆ ತಳ್ಳಿದಾಗ ಪ್ರೈಮರ್ ಕೂರುತ್ತದೆ. ಮೇಜು ಅಲ್ಲಾಡಿದರೆ ಆ ಒತ್ತಡ ಕೈಗೆ ಸರಿಯಾಗಿ ತಿಳಿಯುವುದಿಲ್ಲ. ಪ್ರೈಮರ್ ಕೇಸಿನ ತಳಕ್ಕಿಂತ ಕೂದಲೆಳೆಯಷ್ಟು ಒಳಗೇ ಇರಬೇಕು. ಬೆರಳು ಸವರಿದರೆ ಸಾಕು, ಗೊತ್ತಾಗುತ್ತದೆ.

ಡೈಗಳನ್ನು, ಅಂದರೆ ಸ್ಟೇಷನ್ನುಗಳ ಮೇಲೆ ಕೂರುವ ಅಚ್ಚುಗಳನ್ನು, ಒಂದೊಂದಾಗಿ ಇಳಿಸುತ್ತಾ ಹೋಗಬೇಕು. ಮೊದಲನೆಯದು ಕೇಸನ್ನು ಮತ್ತೆ ಅಳತೆಗೆ ತಂದು ಹಳೇ ಪ್ರೈಮರ್ ಹೊರಗೆ ತಳ್ಳುತ್ತದೆ. ಎರಡನೆಯದು ಬಾಯಿಯನ್ನು ಸ್ವಲ್ಪ ಅಗಲಿಸಿ ಮದ್ದು ಹಾಕುತ್ತದೆ. ಗುಂಡು ಬೀಳದೆ ನಿಲ್ಲುವಷ್ಟು ಅಗಲವಾದರೆ ಸಾಕು. ಮೂರನೆಯದು ಗುಂಡು ಕೂರಿಸುತ್ತದೆ. ನಾಲ್ಕನೆಯದು ಅಗಲಿಸಿದ ಬಾಯಿಯನ್ನು ಮತ್ತೆ ನೇರ ಮಾಡುತ್ತದೆ, ಅಷ್ಟೇ. 9 ಎಂಎಂ ಕೇಸ್ ನಳಿಕೆಯೊಳಗೆ ತನ್ನ ಬಾಯಿಯ ಅಂಚಿನ ಮೇಲೇ ನಿಲ್ಲುತ್ತದೆ. ಅಂಚನ್ನು ಜಾಸ್ತಿ ಒತ್ತಿ ಒಳಗೆ ಮಡಚಿಬಿಟ್ಟರೆ ಆ ಆಧಾರವೇ ಹೋಗುತ್ತದೆ.

ಕೈಪಿಡಿಗಳಲ್ಲಿ ಸುಲಭವಾಗಿ ಕಣ್ಣಿಗೆ ಬೀಳದ ಒಂದು ವಿಷಯ ಹೇಳುತ್ತೇನೆ. ಒಂದೇ ಕೇಸ್ ಇಟ್ಟು ಉದ್ದ ಹೊಂದಿಸಬೇಡಿ. ನಾಲ್ಕೂ ಸ್ಟೇಷನ್ ತುಂಬಿರುವಾಗ ಪ್ಲೇಟಿನ ಮೇಲೆ ಬೀಳುವ ಒತ್ತಡವೇ ಬೇರೆ, ತೋಟೆಯ ಉದ್ದ ಬದಲಾಗುತ್ತದೆ. ನಾಲ್ಕನ್ನೂ ತುಂಬಿಸಿ, ಬಂದ ತೋಟೆಗಳನ್ನು ಅಳೆದು, ಆಮೇಲೆ ಗುಂಡು ಕೂರಿಸುವ ಸೀಟಿಂಗ್ ಡೈ ಬಿಗಿ ಮಾಡಿ. 9 ಎಂಎಂಗೆ ಗರಿಷ್ಠ ಉದ್ದ 1.169 ಇಂಚು. ಅದಕ್ಕಿಂತ ಗಿಡ್ಡ ಮಾಡುವುದು ಮಾಮೂಲಿ. ಆದರೆ ಇದು ಚಿಕ್ಕ ಕೇಸ್, ಗುಂಡು ಸ್ವಲ್ಪ ಒಳಗೆ ಹೋದರೂ ಒತ್ತಡ ಜೋರಾಗಿ ಏರುತ್ತದೆ. ಮದ್ದಿನ ತೂಕ ಎಷ್ಟು ಅಂತ ನಾನು ಇಲ್ಲಿ ಬರೆಯುವುದಿಲ್ಲ. ಅದನ್ನು ಮದ್ದು ತಯಾರಿಸಿದವರ ಪಟ್ಟಿಯಲ್ಲೇ ನೋಡಿ, ಕಮ್ಮಿಯಿಂದ ಶುರು ಮಾಡಿ.

ಕೆಲಸಕ್ಕೆ ಕೂರುವುದು ರಾತ್ರಿ ಊಟದ ನಂತರ, ಮಕ್ಕಳು ಮಲಗಿದ ಮೇಲೆ. ಹಿಂದಿನ ದಿನವೇ ಕೇಸುಗಳು ಅವನ್ನು ಉಜ್ಜುವ ಯಂತ್ರವಾದ ಟಂಬ್ಲರಿನ ಜೋಳದ ದಿಂಡಿನ ಪುಡಿಯಲ್ಲಿ ತಿರುಗಿ ಹೊಳೆಯುತ್ತಿರುತ್ತವೆ. ಅವಕ್ಕೆ ಲ್ಯಾನೋಲಿನ್ ಸ್ಪ್ರೇ ತುಸು ಹೊಡೆದು ಡಬ್ಬಿಯಲ್ಲಿ ಕುಲುಕುತ್ತೇನೆ. ಕಾರ್ಬೈಡ್ ಡೈಗೆ ಅದು ಬೇಕೇ ಬೇಕು ಅಂತಿಲ್ಲ, ಆದರೆ ಹಾಕಿದರೆ ಹಿಡಿಕೆ ಬೆಣ್ಣೆಯಂತೆ ಇಳಿಯುತ್ತದೆ. ಕನ್ನಡಕ ಹಾಕಿಕೊಂಡು, ಪ್ರೈಮರುಗಳನ್ನು ತಟ್ಟೆಗೆ ಸುರಿದು ಅಲ್ಲಾಡಿಸಿದರೆ ಎಲ್ಲವೂ ಒಂದೇ ಮುಖವಾಗಿ ಮಲಗುತ್ತವೆ. ಉದ್ದ ಕೊಳವೆಯಿಂದ ಟಕ್ ಟಕ್ ಎಂದು ಒಂದೊಂದನ್ನೇ ಎತ್ತಿಕೊಳ್ಳುವ ಆ ಹೊತ್ತು ನನಗೆ ಬಹಳ ಪ್ರೀತಿ. ತಲೆಯಲ್ಲಿದ್ದ ಆಫೀಸು ಅಲ್ಲಿಗೆ ಹೊರಟುಹೋಗುತ್ತದೆ. ಮೇಜಿನ ಮೇಲೆ ಒಂದೇ ಮದ್ದಿನ ಡಬ್ಬಿ, ಬೇರೆ ಯಾವುದೂ ಇರುವುದಿಲ್ಲ. ಮೊದಲು ಬೀಳುವ ಪಾಲುಗಳನ್ನು ತೂಗಿ ವಾಪಸ್ ಸುರಿಯುತ್ತೇನೆ, ತೂಕ ಒಂದೇ ಮಟ್ಟಕ್ಕೆ ಬಂದ ಮೇಲೆ ಕೆಲಸ ಶುರು. ಫೋನು ಒಳಗಿರುತ್ತದೆ, ಹಾಡೂ ಹಾಕುವುದಿಲ್ಲ. ಮುಗಿದ ಮೇಲೆ ಮದ್ದು ಮತ್ತೆ ಅದರ ಡಬ್ಬಿಗೇ. ಅರಿಜೋನಾದ ಬೇಸಿಗೆಗೆ ಗ್ಯಾರೇಜು ಒಲೆಯಾಗುತ್ತದೆ, ಅದಕ್ಕೆ ಡಬ್ಬಿ ಮನೆಯೊಳಗಿನ ತಂಪಿಗೆ ಹೋಗುತ್ತದೆ. ಕೊನೆಗೆ ತಣ್ಣೀರಲ್ಲಿ ಸೋಪು ಹಾಕಿ ಕೈ ತೊಳೆಯುವುದು. ಸೀಸದ ಕೆಲಸ, ಅದರಲ್ಲಿ ರಾಜಿಯಿಲ್ಲ.

ಇನ್ನು ಬೇಸರದ ವಿಷಯ. ಉಳಿತಾಯ ಆಗುತ್ತೆ ಅಂತ ಇದಕ್ಕೆ ಕೈ ಹಾಕುವವರೇ ಹೆಚ್ಚು. 2020ಕ್ಕೆ ಮೊದಲು ಅದು ನಿಜವೇ ಆಗಿತ್ತು, ಸಾವಿರ ಪ್ರೈಮರಿಗೆ ಮೂವತ್ತು ಮೂವತ್ತೈದು ಡಾಲರ್ ಇತ್ತು. ಆಮೇಲೆ ಪ್ರೈಮರ್ ಸಿಗುವುದೇ ಕಷ್ಟವಾಯಿತು. ಮತ್ತೆ ಸಿಗಲು ಶುರುವಾದಾಗ ಬೆಲೆ ಎರಡು ಪಟ್ಟಾಗಿತ್ತು, ಮದ್ದೂ ಏರಿತು. ಈಗ ಕೇಸ್ ಪುಕ್ಕಟೆ ಅಂದುಕೊಂಡರೂ ನನಗೆ ಒಂದು ತೋಟೆಗೆ ಇಪ್ಪತ್ತು ಸೆಂಟಿನ ಹತ್ತಿರ ಬೀಳುತ್ತದೆ. ಅಂಗಡಿಯ ಅಗ್ಗದ 115 ಗ್ರೇನ್ (ಗ್ರೇನ್ ಗುಂಡಿನ ತೂಕದ ಅಳತೆ) ತೋಟೆಗೂ ಇದಕ್ಕೂ ನಾಲ್ಕೈದು ಸೆಂಟಿನ ಅಂತರ, ಅಷ್ಟೇ. ಪ್ರೆಸ್, ಡೈ, ತಕ್ಕಡಿ, ಟಂಬ್ಲರ್ ಎಲ್ಲ ಸೇರಿ ಸಾವಿರ ಡಾಲರಿಗೆ ಹತ್ತಿರ ಹೋಗಿತ್ತು. ಅದು ವಾಪಸ್ ಬರಲು ಎಷ್ಟು ತೋಟೆ ಮಾಡಬೇಕು, ನೀವೇ ಲೆಕ್ಕ ಹಾಕಿ. ನಮ್ಮ ಸಮಯದ ಬೆಲೆ ಇದರಲ್ಲಿ ಸೇರಿಲ್ಲ.

ಇನ್ನೂ ಸಿಟ್ಟು ಬರಿಸಿದ್ದು ಆನ್‌ಲೈನಿನಲ್ಲಿ ತರಿಸಿದ ಹಳೇ ಕೇಸುಗಳು. ತೊಳೆದು, ಆರಿಸಿ ಕಳಿಸುತ್ತೇವೆ ಎಂದಿದ್ದರು. ಮೂಟೆ ಬಿಚ್ಚಿದರೆ ಮಿಲಿಟರಿ ಕೇಸುಗಳು ಧಾರಾಳವಾಗಿ ಬೆರೆತಿದ್ದವು. ಅವುಗಳಲ್ಲಿ ಪ್ರೈಮರಿನ ಸುತ್ತ ಲೋಹ ಒತ್ತಿರುತ್ತಾರೆ, ಅದನ್ನು ಬಿಡಿಸದೆ ಹೊಸ ಪ್ರೈಮರ್ ಕೂರುವುದಿಲ್ಲ. ಒಳಗೆ ಮೆಟ್ಟಿಲಿನಂಥ ಅಂಚಿರುವ ಕೇಸುಗಳೂ ಇದ್ದವು. ಅವುಗಳ ಒಳಜಾಗ ಕಮ್ಮಿ, ಒತ್ತಡ ಜಾಸ್ತಿಯಾಗುತ್ತದೆ. ನಾನು ಅವನ್ನು ಎಸೆದೇ ಬಿಡುತ್ತೇನೆ. ದೂರು ಕೊಟ್ಟೆ, ಉತ್ತರ ಬರಲಿಲ್ಲ. ಈಗ ರೇಂಜಿನಲ್ಲಿ ನಾನು ಹೊಡೆದ ತೋಟೆಗಳ ಕೇಸನ್ನು ನಾನೇ ಬಗ್ಗಿ ಹೆಕ್ಕುತ್ತೇನೆ.

ಹಾಗಾದರೆ ಇನ್ನೂ ಯಾಕೆ ಬಿಟ್ಟಿಲ್ಲ? ಮೇಸಾದ ರಿಯೊ ಸಲಾಡೊ ಕ್ಲಬ್ಬಿನ ಯುಎಸ್‌ಪಿಎಸ್‌ಎ (ಅಮೆರಿಕದ ಒಂದು ಶೂಟಿಂಗ್ ಸಂಘ) ಸ್ಪರ್ಧೆಗಳಿಗಾಗಿ. ಅಲ್ಲಿ ಕಮ್ಮಿ ಬಲದ ವರ್ಗವಾದ ಮೈನರ್ ಲೆಕ್ಕಕ್ಕೆ ತೋಟೆಯ ಬಲ ಅಳೆಯುವ ಪವರ್ ಫ್ಯಾಕ್ಟರ್ ಕನಿಷ್ಠ 125 ಇರಬೇಕು. ಗುಂಡಿನ ಗ್ರೇನ್ ತೂಕವನ್ನು ಸೆಕೆಂಡಿಗೆ ಎಷ್ಟು ಅಡಿ ಎನ್ನುವ ವೇಗದಿಂದ ಗುಣಿಸಿ ಸಾವಿರದಿಂದ ಭಾಗಿಸುವುದು. 147 ಗ್ರೇನಿನ ಗುಂಡು 880 ಅಡಿ ವೇಗದಲ್ಲಿ ಹೋದರೆ 129 ಬರುತ್ತದೆ, ನಿಯಮಕ್ಕೆ ಸಾಕು. ಅಂಗಡಿಯ ತೋಟೆ ಅದಕ್ಕಿಂತ ಜೋರಾಗಿ ಒದೆಯುತ್ತದೆ. ನನ್ನದು ಮೆತ್ತಗೆ ತಳ್ಳುತ್ತದೆ, ಗುರಿ ಹಿಡಿಯುವ ಗಾಜಿನ ಕೆಂಪು ಚುಕ್ಕೆ ಬೇಗ ಗುರಿಗೆ ಮರಳುತ್ತದೆ. ನನ್ನ ಪಿಸ್ತೂಲಿಗೆ, ನನ್ನ ಕೈಗೆ ಹೊಂದಿಸಿದ ತೋಟೆ ಅಂಗಡಿಯಲ್ಲಿ ಯಾವ ಬೆಲೆಗೂ ಸಿಗುವುದಿಲ್ಲ. ಬರೀ ಅಭ್ಯಾಸಕ್ಕೆ 9 ಎಂಎಂ ಹೊಡೆಯುವವರು ಸುಮ್ನೆ ಅಂಗಡಿಯದೇ ತಗೊಳ್ಳಿ. ಸ್ಪರ್ಧೆಗೆ ಹೋಗುವವರು, .45 ಅಥವಾ .38 ಸೂಪರ್ ಅಳತೆಯ ತೋಟೆ ಹೊಡೆಯುವವರು ಇದನ್ನು ಧೈರ್ಯವಾಗಿ ತಗೊಳ್ಳಬಹುದು. ತಿಂಗಳಿಗೆ ಸಾವಿರಾರು ಬೇಕೆಂದರೆ 750 ನೋಡಿ, ಜೊತೆಗೆ ಮದ್ದಿನ ಮಟ್ಟ ತೋರಿಸುವ ಪೌಡರ್ ಚೆಕ್ಕನ್ನೂ ಹಾಕಿಸಿ.

ಇಲ್ಲಿರುವ ನಮ್ಮ ಕನ್ನಡದವರಿಗೆ ಒಂದು ಮಾತು. ಸ್ವಂತ ಬಳಕೆಗೆ ತೋಟೆ ಮಾಡಿಕೊಳ್ಳಲು ಅಮೆರಿಕದ ಕೇಂದ್ರ ಕಾನೂನಿನಲ್ಲಿ ಲೈಸೆನ್ಸ್ ಬೇಡ, ಮಾರುವ ವ್ಯವಹಾರಕ್ಕೆ ಬೇಕು. ಆದರೆ ಎಚ್-1ಬಿಯಂಥ ವೀಸಾದಲ್ಲಿ ಇರುವವರು ಬಂದೂಕು ಮಾತ್ರವಲ್ಲ, ತೋಟೆಯನ್ನೂ ಇಟ್ಟುಕೊಳ್ಳುವಂತಿಲ್ಲ. ರಾಜ್ಯದ ಬೇಟೆ ಲೈಸೆನ್ಸ್ ಇರುವವರಿಗೆ ವಿನಾಯಿತಿಯಂಥ ಕೆಲವು ಅಪವಾದಗಳಿವೆ, ಅವನ್ನು ವಕೀಲರ ಹತ್ತಿರ ಕೇಳಿಯೇ ಮುಂದುವರಿಯಿರಿ. ನಾನು ಗ್ರೀನ್ ಕಾರ್ಡ್ ಬಂದ ಮೇಲೆಯೇ ಶುರು ಮಾಡಿದ್ದು. ಊರಿಗೆ ಮರಳುವ ಯೋಚನೆ ಇದ್ದರೆ ಪ್ರೆಸ್ಸನ್ನು ಇಲ್ಲೇ ಮಾರಿಬಿಡಿ. ಭಾರತದ 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ತೋಟೆ ತಯಾರಿಸುವುದು ಅಪರಾಧ. 550ಕ್ಕೆ ಕಂಪನಿಯ ಜೀವಮಾನದ ವಾರಂಟಿ ಇರುವುದರಿಂದ ಇಲ್ಲಿ ಸೆಕೆಂಡ್ ಹ್ಯಾಂಡಿಗೂ ಒಳ್ಳೇ ಬೆಲೆ ಸಿಗುತ್ತದೆ.